ಮುತ್ತಿಗೆ ಕಂಡ ಸೀಮೆಯ ಮರೆಗಳು

ಕಾವೇರಿ ಎರಡು ಕವಲಾಗಿ ಹರಿದು ಮತ್ತೆ ಒಂದಾಗುವ ನಡುಗಡ್ಡೆಯ ಮೇಲೆ ನಿಂತ ಶ್ರೀರಂಗಪಟ್ಟಣವು ಮೂವತ್ತು ವರ್ಷದೊಳಗೇ ನಾಲ್ಕು ಸಲ ಶತ್ರುಸೈನ್ಯವನ್ನು ತನ್ನ ಹೊಸ್ತಿಲಲ್ಲಿ ಕಂಡಿತು. 1771ರಲ್ಲಿ ಮರಾಠರು ಬಂದರು. 1791ರಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಬಂದು ಹಿಂದಿರುಗಿದ; ಮರುವರ್ಷವೇ ಮತ್ತೆ ಬಂದ. 1799ರಲ್ಲಿ ಜನರಲ್ ಹ್ಯಾರಿಸ್ ಬಂದ. ಅದರೊಂದಿಗೆ ಒಂದು ರಾಜ್ಯಭಾರವೇ ಮುಗಿಯಿತು. ಕೋಟೆಯ ಮೇಲಿದ್ದವರ ಕಥೆಯನ್ನು ಬರೆದವರು ಬಹಳ. ಕೋಟೆಯೊಳಗೆ, ಸುತ್ತಲಿನ ಹಳ್ಳಿಗಳಲ್ಲಿ ಸೂರು ಕಟ್ಟಿಕೊಂಡಿದ್ದವರು ಗುಂಡು ಬೀಳುವಾಗ ಎಲ್ಲಿ ಅಡಗಿದರು, ಯಾವ ಮರೆ ಅವರನ್ನು ಉಳಿಸಿತು, ಯಾವುದು ಕೈಬಿಟ್ಟಿತು ಎಂದು ಕೇಳಿದವರು ಕಡಿಮೆ. ಅಣುಬಾಂಬು ಬಿದ್ದರೆ ಮನೆಯಲ್ಲೇ ಮಾಡಿಕೊಂಡ ಮರೆ ಕಾಪಾಡೀತೇ ಎಂದು ಇಂದು ಕೇಳುವವರಿಗೆ ಆ ಹಳೆಯ ಮರೆಗಳ ಚರಿತ್ರೆಯೇ ಮೊದಲ ಪಾಠ.

ಆ ಕಾಲದ ಮೈಸೂರು ಸೀಮೆಯಲ್ಲಿ ಹಳ್ಳಿಯೆಂದರೆ ಬರಿಯ ಮನೆಗಳ ಗುಂಪಲ್ಲ. ಊರ ಸುತ್ತ ಮಣ್ಣಿನ ಗೋಡೆ, ಅದರ ಹೊರಗೆ ಕಳ್ಳಿ ಕತ್ತಾಳೆಯ ಬೇಲಿ, ನಡುವೆ ದುಂಡಗೆ ಎದ್ದ ಹುಡೇವು ಎಂಬ ಕಾವಲು ಬುರುಜು ಇರುತ್ತಿದ್ದವು. ಕುದುರೆ ಸವಾರರ ದಂಡು ದೂರದಲ್ಲಿ ಧೂಳೆಬ್ಬಿಸಿದರೆ ಹೆಂಗಸರು ಮಕ್ಕಳು ದನಕರು ಬೇಲಿಯೊಳಗೆ ಸೇರಿಕೊಳ್ಳುತ್ತಿದ್ದರು; ಬಂದೂಕು ಹಿಡಿಯಬಲ್ಲವರು ಹುಡೇವು ಹತ್ತುತ್ತಿದ್ದರು. ಲೂಟಿಗೆ ಬಂದ ಸವಾರನಿಗೆ ಇಷ್ಟು ಅಡ್ಡಿ ಸಾಕು. ಫಿರಂಗಿ ತಂದವನಿಗೆ ಸಾಲದು. ಈ ಅಂತರವನ್ನು ರೈತರು ಬಲ್ಲವರಾಗಿದ್ದರು. ದೊಡ್ಡ ಸೈನ್ಯ ಬರುವ ಸುದ್ದಿ ಕೇಳಿದರೆ ಅವರು ಗೋಡೆಯನ್ನು ನಂಬುತ್ತಿರಲಿಲ್ಲ. ಊರು ಬಿಟ್ಟು ಗುಳೆ ಹೋಗುತ್ತಿದ್ದರು.

ಹೋಗುವಾಗ ದವಸವನ್ನು ಭೂಮಿಗೆ ಒಪ್ಪಿಸುತ್ತಿದ್ದರು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿ ತೋಡಿದ ಹಗೇವು ಈ ಸೀಮೆಯ ನಿಜವಾದ ನೆಲಮಾಳಿಗೆ. ಒಳಗೆ ಹುಲ್ಲು ಹಾಸಿ ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ, ಮೇಲೆ ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮನೆ ಉರಿದರೂ ಹಗೇವು ಉರಿಯುತ್ತಿರಲಿಲ್ಲ. ಆದರೆ ಮನುಷ್ಯ ಅದರಲ್ಲಿ ಅಡಗುವಂತಿರಲಿಲ್ಲ. ಮುಚ್ಚಿದ ಕಾಳು ಒಳಗಿನ ಗಾಳಿಯನ್ನು ತಿಂದು ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆರೆದೊಡನೆ ಇಳಿದವರು ಅಲ್ಲೇ ಕುಸಿದು ಸತ್ತದ್ದುಂಟು. ಅದಕ್ಕೇ ಹಗೇವು ತೆಗೆದ ಮೇಲೆ ಹೊತ್ತು ಕಾದು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ಅದು ಆರದಿದ್ದರೆ ಮಾತ್ರ ಇಳಿಯುವುದು ವಾಡಿಕೆ. ಮಣ್ಣಿನ ಕಾವಲು ಎಷ್ಟು ಗಟ್ಟಿಯೋ ಗಾಳಿಯ ದಾರಿಯೂ ಅಷ್ಟೇ ಅಗತ್ಯವೆಂಬ ತಿಳಿವಳಿಕೆ ಈ ನಾಡಿನ ರೈತನಿಗೆ ಹೀಗೆ ಮನೆಯಂಗಳದಲ್ಲೇ ಇತ್ತು.

1771ರ ಮಾರ್ಚಿಯಲ್ಲಿ ಇಂದಿನ ಪಾಂಡವಪುರ ತಾಲ್ಲೂಕಿನ ಚಿನಕುರಳಿಯ ಬಳಿ ಹೈದರಾಲಿಯ ಸೈನ್ಯವನ್ನು ತ್ರಿಂಬಕರಾಯನ ಮರಾಠರು ಮುರಿದರು. ಸೋತ ಹೈದರ್ ಶ್ರೀರಂಗಪಟ್ಟಣದ ಕೋಟೆ ಸೇರಿಕೊಂಡ. ಅವನಿಗೆ ಕೋಟೆಯಿತ್ತು, ಮೇಲುಕೋಟೆಯವರಿಗೆ ಬೆಟ್ಟ ಮತ್ತು ದೇವರು ಮಾತ್ರ. ಗೆದ್ದವರು ಬೆಟ್ಟವೇರಿ ಊರನ್ನು ದೋಚಿದರು. ದೊಡ್ಡ ರಥಗಳ ಕಬ್ಬಿಣ ಬೇಕೆಂದು ರಥಗಳಿಗೇ ಬೆಂಕಿಯಿಟ್ಟರು. ಆ ಬೆಂಕಿ ಮಠ ಮಂದಿರಗಳಿಗೂ ಹಬ್ಬಿ ಕೆಲವು ಪೂರಾ ಸುಟ್ಟುಹೋದವೆಂದು ಗೆಜೆಟಿಯರ್ ಹೇಳುತ್ತದೆ. ಅಲ್ಲಿ ಬಿದ್ದದ್ದು ಗುಂಡಲ್ಲ, ಹಬ್ಬಿದ್ದು ಬೆಂಕಿ. ಮನೆಯೊಳಗೆ ಅಡಗಿದವನಿಗೆ ಮೊದಲ ಹೊಡೆತಕ್ಕಿಂತ ಅದರ ಹಿಂದೆ ಬರುವುದೇ ಹೆಚ್ಚಿನ ಆಪತ್ತೆಂಬುದನ್ನು ಈ ಸೀಮೆ ಮುಂದೆ ಮತ್ತೆ ಮತ್ತೆ ಕಂಡಿತು.

ಇಪ್ಪತ್ತು ವರ್ಷ ಕಳೆದವು. 1791ರ ಮೇ 15ರಂದು ಅರಕೆರೆಯ ಬಳಿ ಟಿಪ್ಪು ಸುಲ್ತಾನನ ಪಡೆಯನ್ನು ಹಿಮ್ಮೆಟ್ಟಿಸಿದ ಕಾರ್ನ್‌ವಾಲಿಸ್ ಹೊಳೆಯ ಗುಂಟ ಕಣ್ಣಂಬಾಡಿಯ ಕಡೆಗೆ ಸಾಗಿದ. ಗೆದ್ದೂ ಅವನು ಉಳಿಯಲಾಗಲಿಲ್ಲ. ಮಳೆ ಹಿಡಿಯಿತು, ಎತ್ತುಗಳು ಸಾವಿರಗಟ್ಟಲೆ ಸತ್ತವು, ಪಾಳೆಯದಲ್ಲಿ ಸಿಡುಬು ಎದ್ದಿತು, ಅಕ್ಕಿ ಮುಗಿಯಿತು. ಎಳೆಯುವ ಎತ್ತಿಲ್ಲದೆ ಮುತ್ತಿಗೆಯ ಭಾರಿ ಫಿರಂಗಿಗಳನ್ನು ತನ್ನ ಕೈಯಾರೆ ಒಡೆಸಿ ಹಿಂದಿರುಗಿದ. ಮೇಲುಕೋಟೆಯ ಸೀಮೆಯಲ್ಲಿ ಮರಾಠರ ದಂಡು ದವಸದೊಂದಿಗೆ ಎದುರಾಗದಿದ್ದರೆ ಆ ಸೈನ್ಯದ ಗತಿ ಏನಾಗುತ್ತಿತ್ತೋ. ಆ ವರ್ಷ ಶ್ರೀರಂಗಪಟ್ಟಣವನ್ನು ಕಾದದ್ದು ಕಲ್ಲುಗೋಡೆಯಲ್ಲ, ಮುಂಗಾರು.

ಕೋಟೆಯನ್ನು ಕಾದ ಮಳೆ ಹಳ್ಳಿಗಳನ್ನು ಕಾಯಲಿಲ್ಲ. ನಾಗಮಂಗಲದ ಸುತ್ತ ತೆಂಗು ಅಡಿಕೆಯ ತೋಟಗಳು ದಟ್ಟವಾಗಿದ್ದವು. ಊರ ನಡುವೆ ಹೊಯ್ಸಳರ ಕಾಲದ ಸೌಮ್ಯಕೇಶವನ ಗುಡಿ. 1792ರ ಹೊತ್ತಿಗೆ ಪರಶುರಾಮ ಭಾವುವಿನ ಮರಾಠರು ಆ ಊರನ್ನು ಹಾಳುಗೆಡವಿದರು. ಒಂದೂವರೆ ಲಕ್ಷ ಮರಗಳು ನಾಶವಾದವೆಂದು ಹೇಳಿಕೆ ಉಳಿದಿದೆ. ಮನೆಯ ಗೋಡೆಯನ್ನು ಒಂದು ಬೇಸಿಗೆಯಲ್ಲಿ ಎಬ್ಬಿಸಬಹುದು; ತೆಂಗಿನ ಸಸಿ ಮರವಾಗಿ ಫಲಕ್ಕೆ ಬರಲು ಏಳೆಂಟು ವರ್ಷ ಬೇಕು. ಗುಳೆ ಹೋಗಿ ಜೀವ ಉಳಿಸಿಕೊಂಡವರು ತಿರುಗಿ ಬಂದಾಗ ಊರಿತ್ತು, ಬಾಳುವ ದಾರಿಯಿರಲಿಲ್ಲ. ಅತ್ತಿಕುಪ್ಪೆಯೆಂದು ಅಂದು ಹೆಸರಿದ್ದ ಕೃಷ್ಣರಾಜಪೇಟೆಯ ಸೀಮೆಯಲ್ಲಿ ಹೊಸಹೊಳಲು, ಕಿಕ್ಕೇರಿ, ಗೋವಿಂದನಹಳ್ಳಿಯ ಕಲ್ಲುಗುಡಿಗಳು ಇಂದಿಗೂ ನಿಂತಿವೆ. ಅವುಗಳ ಸುತ್ತ ಆ ಕಾಲದಲ್ಲಿದ್ದ ಮಣ್ಣಿನ ಮನೆಗಳ ಗುರುತಿಲ್ಲ.

1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದು, ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚರು ಹಿಂದೆ ಬೀಡುಬಿಟ್ಟಿದ್ದ ಬಂಡೆಗಳ ಬಳಿ ಪಾಳೆಯ ಹೂಡಿದ. ಆ ಜಾಗಕ್ಕೆ ಇಂಗ್ಲಿಷರು ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು, ಊರಿನವರಿಗೆ ಅದು ಹಿರೋಡೆ, ಇಂದಿನ ಪಾಂಡವಪುರ. 6ನೆಯ ತಾರೀಖಿನ ರಾತ್ರಿ ಮೂರು ತುಕಡಿಗಳು ಮುಳ್ಳುಬೇಲಿ ದಾಟಿ ನಡುಗಡ್ಡೆಗೆ ನುಗ್ಗಿದವು. ಗಂಜಾಮಿನ ಲಾಲ್‌ಬಾಗಿನಲ್ಲಿ ಸುಲ್ತಾನ ಅಕ್ಕರೆಯಿಂದ ಬೆಳೆಸಿದ್ದ ಮರಗಳನ್ನು ಕಡಿದು ಮುತ್ತಿಗೆಯ ಮೋರ್ಚೆಗೆ ಕಟ್ಟು ಕಟ್ಟಿದರು. ಅಲ್ಲಿಯ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಕೋಟೆಯ ಗೋಡೆ ಒಡೆಯುವ ಮೊದಲೇ ಸಂಧಾನವಾಯಿತು. ಮಾರ್ಚಿ 18ರ ಒಪ್ಪಂದದಂತೆ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಹಾಗೂ ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಟ್ಟು ಟಿಪ್ಪು ತನ್ನ ರಾಜಧಾನಿಯನ್ನು ಉಳಿಸಿಕೊಂಡ.

ಏಳು ವರ್ಷದ ಬಳಿಕ ಆ ಒಪ್ಪಂದವೂ ಮುರಿಯಿತು. 1799ರ ಮಾರ್ಚಿ 27ರಂದು ಮಳವಳ್ಳಿಯಲ್ಲಿ ಕಾದಾಟ ನಡೆಯಿತು. ಶತ್ರು ನೇರ ದಾರಿಯಲ್ಲಿ ಬರುವನೆಂದು ಟಿಪ್ಪು ಆ ದಾರಿಯ ಹುಲ್ಲು ಮೇವನ್ನು ಸುಡಿಸಿದ್ದ. ಹ್ಯಾರಿಸ್ ದಾರಿ ಬದಲಿಸಿ ಸೋಸಲೆಯಲ್ಲಿ ಕಾವೇರಿ ದಾಟಿ, ಏಪ್ರಿಲ್ 5ರಂದು ಪಟ್ಟಣದ ಪಡುವಣಕ್ಕೆ ಪಾಳೆಯವಿಳಿಸಿದ. ಮುಂಬಯಿಯ ಸೈನ್ಯ 14ರಂದು ಕೂಡಿಕೊಂಡಿತು. ಹೊಳೆ ಬೇಸಿಗೆಗೆ ಬತ್ತಿತ್ತು. ಒಳಗಿದ್ದವರು ಮುಂಗಾರನ್ನು ಎಣಿಸುತ್ತಿದ್ದರು. ಹೊರಗಿದ್ದವರು ಅದು ಬರುವ ಮೊದಲೇ ಗೋಡೆ ಒಡೆಯಬೇಕೆಂದು ಹಗಲಿರುಳು ಕಂದಕ ತೋಡುತ್ತಿದ್ದರು.

ಆ ದಿನಗಳಲ್ಲಿ ಸುಲ್ತಾನನೂ ಅರಮನೆಯಲ್ಲಿ ಮಲಗಲಿಲ್ಲ. ಕೋಟೆಯ ಬಡಗಣ ಹೊರಗೋಡೆಯಲ್ಲಿ ಹಳೆಯದೊಂದು ನೀರುಬಾಗಿಲು ಮುಚ್ಚಿಹೋಗಿತ್ತು. ಅದರೊಳಗಿನ ಸಣ್ಣ ಕಲ್ಲುಮಂಟಪಕ್ಕೆ ಪರದೆ ಕಟ್ಟಿಸಿ ಅದನ್ನೇ ವಾಸಕ್ಕೆ ಮಾಡಿಕೊಂಡ. ಪಕ್ಕದಲ್ಲಿ ಆಳುಕಾಳುಗಳಿಗೆ ಸಣ್ಣ ಗುಡಾರಗಳು ಎದ್ದವು. ಲಾಲ್‌ಮಹಲಿನ ಬಣ್ಣದ ಕಂಬಗಳ ಬದಲಿಗೆ ದಪ್ಪ ಗೋಡೆಯ ಹೊಟ್ಟೆಯೊಳಗಿನ ಒಂದು ಮಂಟಪ. ರಾಜನಾದವನೂ ಗುಂಡಿನ ಮಳೆಯಲ್ಲಿ ಹುಡುಕಿದ್ದು ರೈತ ಹುಡುಕುವುದನ್ನೇ: ತಲೆಯ ಮೇಲೆ ಕಲ್ಲು, ಬೆನ್ನಿಗೆ ಮಣ್ಣು. ಊರಿನ ಸಾಮಾನ್ಯರಿಗೆ ಅಷ್ಟೂ ಇರಲಿಲ್ಲ. ಹೆಂಚು ಹುಲ್ಲಿನ ಸೂರು, ಮಣ್ಣಿನ ಗೋಡೆ, ನಡುಮನೆಯ ಕತ್ತಲೆ ಇಷ್ಟೇ ಅವರ ಪಾಲಿಗೆ. ಮಣ್ಣಿನ ಗೋಡೆಗೆ ಒಂದು ಗುಣವುಂಟು: ಗುಂಡು ತಗಲಿದರೆ ಅದು ಕಲ್ಲಿನಂತೆ ಚೂರಾಗಿ ಸಿಡಿಯದೆ ಗುಂಡನ್ನು ತನ್ನೊಳಗೇ ಇಳಿಸಿಕೊಳ್ಳುತ್ತದೆ. ಆದರೆ ಸೂರಿಗೆ ಆ ಗುಣವಿಲ್ಲ. ಮೇಲಿನಿಂದ ಬೀಳುವ ಸಿಡಿಗುಂಡಿಗೆ ನಡುಮನೆಯೂ ಬಯಲೂ ಒಂದೇ.

ಮೇ 2ರಂದು ಹೊರಗಿನಿಂದ ಬಂದ ಗುಂಡೊಂದು ಕೋಟೆಯೊಳಗೆ ಅಗ್ನಿಬಾಣಗಳನ್ನು ತುಂಬಿದ್ದ ಉಗ್ರಾಣಕ್ಕೆ ತಗಲಿ ಅದು ಸಿಡಿಯಿತು. ಶತ್ರುವನ್ನು ಸುಡಬೇಕಾಗಿದ್ದ ಬಾಣಗಳು ಒಡೆಯನ ಕೋಟೆಯೊಳಗೇ ಸುಟ್ಟವು. ಈ ಆಪತ್ತನ್ನು ಕೋಟೆ ಕಟ್ಟಿದವರು ಊಹಿಸದೆ ಇರಲಿಲ್ಲ. ಪಟ್ಟಣದಲ್ಲಿ ಇಂದಿಗೂ ಅಲ್ಲಲ್ಲಿ ಕಾಣುವ ಮದ್ದಿನಮನೆಗಳನ್ನು ನೋಡಿದರೆ ಅವರ ಲೆಕ್ಕಾಚಾರ ತಿಳಿಯುತ್ತದೆ: ಅರ್ಧ ನೆಲದೊಳಗೆ ಇಳಿದ ಕಟ್ಟಡ, ಇಟ್ಟಿಗೆ ಗಾರೆಯ ದಪ್ಪ ಗೋಡೆ, ಕಮಾನಿನ ಛಾವಣಿ, ಒಂದರಿಂದ ಇನ್ನೊಂದಕ್ಕೆ ದೂರ. ಬೆಂಗಳೂರು ಮೈಸೂರು ರೈಲು ಜೋಡಿ ಹಳಿಗೆ ಅಡ್ಡಬಂದ ಒಂದು ಮದ್ದಿನಮನೆಯನ್ನು 2017ರಲ್ಲಿ ಒಡೆಯದೆ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನು ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಎರಡು ಶತಮಾನ ಕಳೆದರೂ ಅದರ ಗಾರೆ ಸಡಿಲವಾಗಿರಲಿಲ್ಲ. ಪಟ್ಟಣದಲ್ಲಿ ಅತ್ಯಂತ ಭದ್ರವಾದ ಮನೆ ಸಿಕ್ಕಿದ್ದು ಮನುಷ್ಯರಿಗಲ್ಲ, ಮದ್ದಿಗೆ.

ಭದ್ರವೆಂಬುದಕ್ಕೂ ಮೇರೆಯುಂಟು. ರಂಗನಾಥನ ಗುಡಿಯ ಹಿಂದೆ ಹೊಳೆಯ ಕಡೆಗೆ ಕರ್ನಲ್ ಬೇಲಿ ಬಂದೀಖಾನೆಯೆಂಬ ನೆಲಮಾಳಿಗೆಯಿದೆ. ಉದ್ದ ಸುಮಾರು 30 ಮೀಟರ್, ಅಗಲ 12 ಮೀಟರ್, ಮೇಲೆ ಇಟ್ಟಿಗೆ ಗಾರೆಯ ಕಮಾನುಗಳು. ಅದರ ನಡುವೆ ಒಂದು ಫಿರಂಗಿ ಬಿದ್ದಿದೆ. ಮುತ್ತಿಗೆಯ ಕಾಲದಲ್ಲಿ ಮೇಲಿನ ಬತೇರಿಯಿಂದ ಛಾವಣಿಯನ್ನು ತೂರಿಕೊಂಡು ಬಿತ್ತೆಂದು ಹೇಳುತ್ತಾರೆ. ಕೋಟೆಯ ಕೆಳಗಿನ ಕಮಾನೂ ಮೇಲಿನ ಭಾರಕ್ಕೆ ಬಾಯಿಬಿಟ್ಟಿತೆಂದ ಮೇಲೆ ನಡುಮನೆಯ ಮಂಚದಡಿ ಅಡಗಿದವನ ಮಾತೇನು.

ಮೇ 4ರ ಮಧ್ಯಾಹ್ನ ಡೇವಿಡ್ ಬೇರ್ಡ್‌ನ ಮುಂದಾಳ್ತನದಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ಸೈನಿಕರು ಬತ್ತಿದ ಹೊಳೆ ದಾಟಿ ವಾಯವ್ಯ ಮೂಲೆಯ ಬಳಿ ಒಡೆದ ಗೋಡೆ ಹತ್ತಿದರು. ಇದೇ ಬೇರ್ಡ್, ಹೈದರನ ಕೈಯಲ್ಲಿ ಇಂಗ್ಲಿಷರು ಸೋತ ಪೊಳ್ಳಿಲೂರಿನ ಕಾಳಗದ ನಂತರ, ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ಸಂಜೆಯೊಳಗೆ ಕೋಟೆ ಬಿತ್ತು. ಸುಲ್ತಾನ ನೀರುಬಾಗಿಲಿನ ಹತ್ತಿರ ಹೆಣಗಳ ನಡುವೆ ಹೆಣವಾಗಿ ಸಿಕ್ಕಿದ. ಒಂದು ತಿಂಗಳ ಗುಂಡಿನ ಮಳೆಯಿಂದ ಉಳಿದ ಮನೆಗಳ ಬಾಗಿಲನ್ನು ಆ ರಾತ್ರಿ ಬಂದೂಕಿನ ಹಿಡಿ ಒಡೆಯಿತು. ಲೂಟಿಯಾಗದ ಮನೆ ಉಳಿಯಲಿಲ್ಲವೆನ್ನುವ ಮಟ್ಟಿಗೆ ದೋಚಿದರು. ಮರುದಿನ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ದೋಚಿದವರಲ್ಲಿ ಕೆಲವರನ್ನು ಗಲ್ಲಿಗೇರಿಸಿದ ಮೇಲೆ ಬೀದಿ ಶಾಂತವಾಯಿತು.

ಪಟ್ಟಣ ಮಾತ್ರ ಮತ್ತೆ ತುಂಬಲಿಲ್ಲ. ಟಿಪ್ಪುವಿನ ಕಾಲದಲ್ಲಿ ನಡುಗಡ್ಡೆಯಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಅಂದಾಜು. 1800ರಲ್ಲಿ ಬಂದ ಫ್ರಾನ್ಸಿಸ್ ಬುಕಾನನ್ ಲೆಕ್ಕಹಾಕಿದ್ದು ಸುಮಾರು 32,000. ಉಳಿದವರೆಲ್ಲ ಗುಂಡಿಗೆ ಸತ್ತವರಲ್ಲ. ಅರಮನೆಯ ಚಾಕರಿ ಹೋಯಿತು, ರಾಜಧಾನಿ ಮೈಸೂರಿಗೆ ಹೋಯಿತು, ಅನ್ನ ಹೋದಲ್ಲಿಗೆ ಜನರೂ ಹೋದರು. ಆಮೇಲೆ ನಡುಗಡ್ಡೆಯ ಜ್ವರ ಉಳಿದವರನ್ನು ಹಿಡಿಯಿತು. ಲೆಕ್ಕ ಹಾಕಿ ನೋಡಿದರೆ ಸಿಡಿತ ಕೊಂದದ್ದಕ್ಕಿಂತ ಅದರ ನಂತರದ ದಿನಗಳು ಚದುರಿಸಿದ್ದು ಹೆಚ್ಚು.

ಗೆದ್ದವರು ಹೊತ್ತೊಯ್ದ ವಸ್ತುಗಳಲ್ಲಿ ಮೈಸೂರಿನ ಅಗ್ನಿಬಾಣಗಳೂ ಇದ್ದವು. ಕಬ್ಬಿಣದ ಕೊಳವೆಗೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ ಆ ಬಾಣಗಳ ಜಾಡಿನಲ್ಲೇ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ನಗರದ ಮನೆಗಳ ಮೇಲೆ ಬಿದ್ದವು. ಆ ವಂಶದ ಕೊನೆಯ ಕುಡಿಗಳು ಇಂದು ಖಂಡಾಂತರ ದಾಟುವ ಕ್ಷಿಪಣಿಗಳು. ಅವುಗಳ ತಲೆಯಲ್ಲಿರುವುದು ಅಣುಬಾಂಬು. ಈ ಸೀಮೆ ಅದಕ್ಕೆ ತೀರ ದೂರದ್ದೂ ಅಲ್ಲ. ಅಣುಶಕ್ತಿ ಇಲಾಖೆಯ ಆರ್‌ಎಂಪಿ (ರೇರ್ ಮೆಟೀರಿಯಲ್ಸ್ ಪ್ಲಾಂಟ್) ಘಟಕ ಮೈಸೂರಿನ ಪಕ್ಕದಲ್ಲೇ ಇದೆ.

ಹಾಗಾದರೆ ಮನೆಯ ಮರೆ ಅಣುಬಾಂಬನ್ನು ತಡೆದೀತೇ? 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ ಸುಮಾರು 600 ಮೀಟರ್ ಎತ್ತರದಲ್ಲಿ ಸಿಡಿದ ಬಾಂಬಿನ ಬಲ 15,000 ಟನ್ ಟಿಎನ್‌ಟಿಗೆ ಸಮ. ಅದರ ನೇರ ಕೆಳಗಿನ ಬಿಂದುವಿನಿಂದ 170 ಮೀಟರ್ ದೂರದ ಕಾಂಕ್ರೀಟ್ ಕಟ್ಟಡದಲ್ಲಿ ಕಾಗದ ತರಲು ನೆಲಮಾಳಿಗೆಗೆ ಇಳಿದಿದ್ದ ಐಜೋ ನೊಮುರಾ ಬದುಕಿದರು, 1982ರವರೆಗೂ ಬಾಳಿದರು. ಮೇಲಿದ್ದ ಸಹೋದ್ಯೋಗಿಗಳು ಉಳಿಯಲಿಲ್ಲ. ಮೂರು ದಿನದ ಬಳಿಕ ನಾಗಸಾಕಿಯಲ್ಲಿ ಗುಡ್ಡ ಕೊರೆದ ಸುರಂಗಗಳ ಒಳಭಾಗದಲ್ಲಿದ್ದವರು ಸಿಡಿತಕ್ಕೆ ಹತ್ತಿರವಿದ್ದೂ ಉಳಿದರು. ಆ ಸುರಂಗಗಳಲ್ಲಿ ಇನ್ನೂ ಬಹಳ ಜನರಿಗೆ ಜಾಗವಿತ್ತು. ಅಪಾಯದ ಸೈರನ್ ಮುಗಿದಿತ್ತೆಂದು ಹೆಚ್ಚಿನವರು ಹೊರಗಿದ್ದರು. ಮದ್ದಿನಮನೆ ಕಟ್ಟಿದವರ ಲೆಕ್ಕ ತಪ್ಪಿರಲಿಲ್ಲ: ನೆಲದೊಳಗೆ ಇಳಿದದ್ದು ಉಳಿಯುತ್ತದೆ, ನೆಲದ ಮೇಲೆ ನಿಂತದ್ದು ಉರುಳುತ್ತದೆ.

ನೆಲದ ಮೇಲಿನ ಮನೆಯ ಲೆಕ್ಕ ಬೇರೆ. ಅಷ್ಟೇ ಬಲದ ಬಾಂಬಿನಿಂದ ಸುಮಾರು 1.7 ಕಿ.ಮೀ. ದೂರದಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ ಮೂರೂವರೆ ಟನ್. ಸಾಮಾನ್ಯ ಇಟ್ಟಿಗೆ ಮನೆ ಅಷ್ಟಕ್ಕೆ ಕುಸಿಯುತ್ತದೆ. ಹೆಂಚಿನ ಸೂರು ಅದಕ್ಕಿಂತ ಬಹಳ ಮೊದಲೇ ಹಾರಿಹೋಗುತ್ತದೆ. ಬೆಳಕಿನೊಂದಿಗೇ ಬರುವ ಉರಿಗೆ ಮರ, ಬಟ್ಟೆ, ಹುಲ್ಲು ಹೊತ್ತಿಕೊಳ್ಳುತ್ತವೆ. 1980ರಲ್ಲಿ ಬ್ರಿಟನ್ ಸರ್ಕಾರ ಜನರಿಗೆ ಹೊರಡಿಸಿದ ಕೈಪಿಡಿ, ಮನೆಯ ಒಳಕೋಣೆಯಲ್ಲಿ ಬಾಗಿಲ ಹಲಗೆಗಳನ್ನು ಗೋಡೆಗೆ ಒರಗಿಸಿ ಮಣ್ಣು ತುಂಬಿದ ಚೀಲಗಳನ್ನು ಮೇಲಿಟ್ಟು ಅದರಡಿ ಕೂರಲು ಹೇಳಿತ್ತು. ಕುಸಿದ ಮನೆಯೊಳಗೆ ಆ ಹಲಗೆ ಮಾಡುವ ಕೆಲಸ ಅಷ್ಟರಲ್ಲೇ ಇದೆ. ಬಾಂಬಿನ ಬಲ ಹತ್ತುಪಟ್ಟಾದರೆ ನಾಶದ ದೂರ ಎರಡುಪಟ್ಟಿಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಇಂದಿನ ಬಾಂಬುಗಳಲ್ಲಿ ಹಲವು ಹತ್ತುಪಟ್ಟಿಗೂ ಮಿಗಿಲು.

ಶ್ರೀರಂಗಪಟ್ಟಣದ ಕೋಟೆಯ ನೆತ್ತಿಯನ್ನು ಮಧ್ಯಬಿಂದುವೆಂದು ಇಟ್ಟುಕೊಂಡು ಹಿರೋಶಿಮಾದ ಅಳತೆ ಹಿಡಿದರೆ, ಕೋಟೆಯೊಳಗಿನ ಮನೆಗೆ ಯಾವ ಹಲಗೆಯೂ ಮರೆಯಾಗದು. ಹತ್ತು ಕಿ.ಮೀ. ಆಸುಪಾಸಿನ ಪಾಂಡವಪುರದ ಮನೆಗಳು ನಿಂತಿರುತ್ತವೆ. ನಲವತ್ತು ಕಿ.ಮೀ. ಆಸುಪಾಸಿನ ನಾಗಮಂಗಲ, ಕೃಷ್ಣರಾಜಪೇಟೆಗಳಿಗೆ ಸಿಡಿತ ಮುಟ್ಟುವುದೇ ಇಲ್ಲ. ಆದರೆ ಬಾಂಬು ನೆಲಕ್ಕೆ ತಗಲಿ ಸಿಡಿದರೆ ಮೇಲೆದ್ದ ಮಣ್ಣು ವಿಕಿರಣ ಹೊತ್ತ ಧೂಳಾಗಿ ಗಾಳಿ ಬೀಸಿದತ್ತ ಬೀಳುತ್ತದೆ. ಮನೆಯ ಮರೆಗೆ ಅರ್ಥ ಬರುವುದು ಅಲ್ಲಿ. ಒತ್ತಿ ತುಂಬಿದ ಮಣ್ಣು ಒಂಬತ್ತು ಸೆಂ.ಮೀ. ದಪ್ಪವಿದ್ದರೆ ಆ ಧೂಳಿನ ಕಿರಣ ಅರ್ಧವಾಗುತ್ತದೆ, ತೊಂಬತ್ತು ಸೆಂ.ಮೀ. ಇದ್ದರೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕಾಲವೂ ಕೈಹಿಡಿಯುತ್ತದೆ: ಸಿಡಿದು ಒಂದು ಗಂಟೆಗೆ ಇದ್ದ ಕಿರಣ ಏಳು ಗಂಟೆಗೆ ಹತ್ತರಲ್ಲೊಂದು, ಎರಡು ದಿನಕ್ಕೆ ನೂರರಲ್ಲೊಂದು, ಎರಡು ವಾರಕ್ಕೆ ಸಾವಿರದಲ್ಲೊಂದು ಪಾಲಾಗುತ್ತದೆ. ಬರಿಯ ಹೆಂಚಿನ ಮನೆಯಲ್ಲಿ ಕುಳಿತವನಿಗೆ ಈ ಲಾಭ ಅಲ್ಪ. ಸುತ್ತ ಮತ್ತು ಮೇಲೆ ಮೂರು ಅಡಿ ಮಣ್ಣಿರುವ ಕುಣಿಯಲ್ಲಿ ಕುಳಿತವನಿಗೆ ಅದು ಜೀವದಾನ. ಅಂಥ ಕುಣಿ ಗಾಳಿಯಾಡದ ಹಗೇವು ಆಗಬಾರದು. ಒಳಗೆ ಎರಡು ವಾರಕ್ಕೆ ಮುಚ್ಚಿಟ್ಟ ನೀರು, ಸಿದ್ಧ ಆಹಾರ ಬೇಕು. ತೆರೆದ ಕೆರೆ, ನಾಲೆಯ ನೀರನ್ನು ಮುಟ್ಟುವಂತಿಲ್ಲ.

ಎಂದರೆ ಮನೆಯಲ್ಲಿ ಮಾಡಿಕೊಂಡ ಮರೆ ಸಿಡಿತದಿಂದ ಕಾಯುವುದಿಲ್ಲ, ಸಿಡಿತದಿಂದ ದೂರವಿದ್ದವರನ್ನು ಅದರ ನಂತರದ ದಿನಗಳಿಂದ ಕಾಯುತ್ತದೆ. ಎರಡು ವಾರ ಕಳೆದು ಹೊರಬಂದವನ ಮುಂದೆ ನಿಲ್ಲುವ ಪ್ರಶ್ನೆ ನಾಗಮಂಗಲದವರ ಮುಂದೆ ನಿಂತದ್ದೇ: ಮರವಿಲ್ಲ, ದನವಿಲ್ಲ, ಕೈಗೆ ಕೆಲಸವಿಲ್ಲ, ಮುಂದೇನು? ಅದಕ್ಕೆ ಯಾವ ಕುಣಿಯೂ ಉತ್ತರ ಕೊಡದು.

ಭಾರತದಲ್ಲಿ ನಾಗರಿಕ ರಕ್ಷಣೆಗೆ 1968ರಿಂದ ಕಾಯಿದೆಯಿದೆ. 2025ರ ಮೇ 7ರಂದು ದೇಶದ ಹಲವೆಡೆ ಅಣಕು ಕವಾಯತು ನಡೆದಾಗ ಸೈರನ್ ಕೇಳಿದರೆ ಏನು ಮಾಡಬೇಕೆಂದು ಬೆಂಗಳೂರಿನವರೂ ಕಲಿತರು. ಕಲಿಯಬೇಕಾದ್ದೇ. ಅದಕ್ಕಿಂತ ಕಡಿಮೆ ಸದ್ದಿನ ಇನ್ನೊಂದು ಮರೆಯೂ ಇದೆ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತವೆ. ಕಾರ್ಗಿಲ್ ಯುದ್ಧವಾದ ಮೇಲೂ ಅದು ನಿಲ್ಲಲಿಲ್ಲ. 1792ರ ಒಪ್ಪಂದ ಅರ್ಧ ರಾಜ್ಯವನ್ನು ನುಂಗಿದ ಕಠೋರ ಕಾಗದ. ಆದರೂ ಏಳು ವರ್ಷ ಅದು ಶ್ರೀರಂಗಪಟ್ಟಣದ ಸೂರುಗಳನ್ನು ಫಿರಂಗಿಯಿಂದ ದೂರವಿಟ್ಟಿತು. ಅಷ್ಟು ಮನೆಗಳನ್ನು ಅಷ್ಟು ಕಾಲ ಉಳಿಸಿದ ಗೋಡೆ, ಕಂದಕ, ನೆಲಮಾಳಿಗೆ ಈ ಸೀಮೆಯ ಚರಿತ್ರೆಯಲ್ಲಿ ಇನ್ನೊಂದಿಲ್ಲ. ಹಿತ್ತಲಲ್ಲಿ ಕುಣಿ ತೋಡುವವನು ತೋಡಲಿ. ಆಳುವವರ ಕೈಯಲ್ಲಿರುವ ಕಾಗದ ಹರಿಯದಂತೆ ನೋಡಿಕೊಳ್ಳುವುದೂ ಅವನ ಮನೆಯ ರಕ್ಷಣೆಯ ಕೆಲಸವೇ.